ಗವಿಗಳ ಗತವನ್ನರಸಿದ ಬ್ರೂಸ್ ಫೂಟ್

ಆದವಾನಿ ಸೀಮೆಯ ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವುದು ಬೇತಂಚೆರ್ಲದ ಕಲ್ಲು. ಆ ಊರಿನ ಸಮೀಪದಲ್ಲಿಯೇ ಬಿಲ್ಲಸುರ್ಗಂ ಎಂಬ ಗುಹೆಗಳಿವೆಯೆಂಬುದನ್ನೂ, ಅವುಗಳ ಮಣ್ಣನ್ನು ಬಗೆದು ಶೋಧಿಸಿದ ಮಹನೀಯರೊಬ್ಬರಿದ್ದರೆಂಬುದನ್ನೂ ಬಲ್ಲವರು ವಿರಳ.

ರಾಬರ್ಟ್ ಬ್ರೂಸ್ ಫೂಟ್‌ರವರು 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ, ಆದಿಮಾನವನು ಕೆತ್ತಿದ ಶಿಲಾಯುಧವೊಂದು ಅವರ ಕಣ್ಣಿಗೆ ಬಿದ್ದಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಆ ಕಲ್ಲಿನಿಂದಲೇ ಆರಂಭವಾಯಿತೆನ್ನಬೇಕು.

ಬಂಡೆಗಳ ಪರಿಶೀಲನೆ ಅವರ ನೌಕರಿ. ಪ್ರಾಚೀನ ಮಾನವನ ಅನ್ವೇಷಣೆ ಅವರ ವ್ರತ. ಅಂದಿನ ಬಳ್ಳಾರಿ ಜಿಲ್ಲೆಯನ್ನೆಲ್ಲ ಸುತ್ತಿದರು. ಆದವಾನಿ, ಆಲೂರು, ರಾಯದುರ್ಗಗಳು 1953ರವರೆಗೆ ಆ ಜಿಲ್ಲೆಗೆ ಸೇರಿದ್ದವಷ್ಟೆ. ಅಲ್ಲಿಯ ಬೂದಿದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೆಂದು ಸಾರಿದವರು ಅವರೇ.

1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ವರ್ಣಿಸಿದ್ದ ಬಿಲ್ಲಸುರ್ಗಂ ಗುಹೆಗಳಿಗೆ ಫೂಟ್‌ರವರು ಹೋದದ್ದು 1884ರಲ್ಲಿ. ಎತ್ತರವಾದ ಒಂದಕ್ಕೆ ಕ್ಯಾಥೆಡ್ರಲ್, ಎಂದರೆ ಮಹಾ ಇಗರ್ಜಿ ಎಂದೂ, ಎಲುಬುಗಳಿಂದ ತುಂಬಿದ್ದ ಇನ್ನೊಂದಕ್ಕೆ ಅಸ್ಥಿಗೃಹವೆಂಬ ಅರ್ಥದ ಹೆಸರನ್ನೂ ಕೊಟ್ಟರು. ಉತ್ಖನನವನ್ನು ಮುಂದುವರಿಸಿದವರು ಸೈನ್ಯಾಧಿಕಾರಿಯಾಗಿದ್ದ ಪುತ್ರ ಹೆನ್ರಿ. ದೊರೆತ ಪ್ರಾಣಿಗಳ ಮೂಳೆಗಳನ್ನು ಲಿಡೆಕ್ಕರ್ ಎಂಬ ವಿದ್ವಾಂಸರು ಪರೀಕ್ಷಿಸಿ, ಅಳಿದುಹೋದ ಖಡ್ಗಮೃಗವೊಂದಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಕಾಡುಮೃಗಗಳು ಗವಿಯಲ್ಲಿ ಸಾಯುವುದು ಸಹಜ. ಆದರೆ ಕೆಲವು ಮೂಳೆಗಳನ್ನು ಮನುಷ್ಯನು ಕೆತ್ತಿ, ಹೆರೆದು ಹತ್ಯಾರುಗಳನ್ನಾಗಿ ಮಾಡಿಕೊಂಡಿದ್ದನೆಂಬುದು ಫೂಟ್‌ರವರ ದೃಢವಾದ ನಿರ್ಣಯವಾಗಿತ್ತು.

ಈ ಮಾತನ್ನು ಮುಂದಿನವರು ಸುಲಭವಾಗಿ ಒಪ್ಪಲಿಲ್ಲ. ತೋರಿಸೋಣವೆಂದರೆ ಆ ಹತ್ಯಾರುಗಳೇ ಕಾಲಾಂತರದಲ್ಲಿ ಕಣ್ಮರೆಯಾದವು. ಸಾಕ್ಷ್ಯವು ಕೈತಪ್ಪಿದಾಗ ಸತ್ಯಕ್ಕೂ ಸಂಶಯದ ಮಸಿ ಹತ್ತುತ್ತದೆಯಲ್ಲವೆ?

1891ರಲ್ಲಿ ನಿವೃತ್ತರಾದ ಮೇಲೆ ಫೂಟ್‌ರವರು ಬರೋಡಾ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಸೇವೆ ಸಲ್ಲಿಸಿದರು. ಅನಂತರ ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿದರು. ನಾಲ್ಕು ದಶಕಗಳ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಸಂಗ್ರಹದ ವಿವರಣೆಯ ಗ್ರಂಥವು ಮುದ್ರಣವಾಗಿ ಬಂದದ್ದು ಆಮೇಲೆ.

1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಅದೇ ಕರ್ನೂಲು ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯನ್ನು (ಈ ತೆಲುಗು ಹೆಸರಿನ ಗವಿ ನಮ್ಮ ಗವಿಯೇ!) ಅಗೆಸಿದರು. ಹಳೆಯ ಶಿಲಾಯುಗದ ಕೊನೆಯ ಘಟ್ಟಕ್ಕೆ ಸೇರಿದ ಮೂಳೆಯ ಹತ್ಯಾರುಗಳು ಅಲ್ಲಿ ದೊರೆತವು. ಫೂಟ್‌ರವರು ತೀರಿಕೊಂಡು ಆಗ 60 ವರ್ಷಗಳು ಸಂದಿದ್ದವು.