ಪಾಲಿಯುರೆಥೇನ್ ಜನಕ ಓಟೋ ಬೇಯರ್

ಸಸ್ಪೆನ್ಶನ್ ಎಂದೊಡನೆ ನಮಗೆ ನೆನಪಾಗುವುದು ಸ್ಪ್ರಿಂಗ್ ಹಾಗೂ ಶಾಕ್ ಅಬ್ಸಾರ್ಬರ್. ಲೋಹಕ್ಕೆ ಲೋಹ ತಾಗದಂತೆ ನಡುವೆ ಕುಳಿತು ರಸ್ತೆಯ ಪೆಟ್ಟನ್ನು ತಾನುಣ್ಣುವ ಬುಶ್ ಯಾರ ಗಮನಕ್ಕೂ ಬರುವುದಿಲ್ಲ. ಅದು ಹರಿದು, ಹೊಂಡಕ್ಕೆ ಇಳಿದಾಗಲೆಲ್ಲ ಗಾಡಿಯಡಿಯಿಂದ ಕಟಕಟ ಸದ್ದು ಬಂದಾಗ ಮಾತ್ರ ಅದರ ನೆನಪಾಗುತ್ತದೆ. 2023 ಮತ್ತು 2024ರ ಮಳೆಗಾಲಗಳಲ್ಲಿ ಸಂತೆಕಟ್ಟೆಯ ಅಂಡರ್‌ಪಾಸ್ ಕಾಮಗಾರಿಯ ಬದಿಯಿಂದ ಹಳೆಯ ಮಾರುತಿ 800ನ್ನೋ ಅಂಬಾಸಿಡರನ್ನೋ ಓಡಿಸಿದವರಿಗೆ ಆ ಸದ್ದು ಅಪರಿಚಿತವಲ್ಲ. ಇಂತಹ ಕಾರುಗಳಿಗೆ ರಬ್ಬರಿನ ಬದಲು ಪಾಲಿಯುರೆಥೇನ್ ಬುಶ್, ಅಂದರೆ ಪಿಯು ಬುಶ್ ಹಾಕಿಸುವ ಆಸಕ್ತಿ ಹಳೆಯ ಕಾರುಗಳ ಅಭಿಮಾನಿಗಳಲ್ಲಿದೆ. ಲೀಫ್ ಸ್ಪ್ರಿಂಗ್ ಎಂದರೆ ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್‌ನ ವಿ. ಎಸ್. ಕುಡ್ವರನ್ನು ನೆನೆಯುವ ಈ ಕರಾವಳಿಗೆ ಪಾಲಿಯುರೆಥೇನ್‌ನ ಜನಕನ ಪರಿಚಯವೂ ಇರುವುದು ಉಚಿತ. ಅವರೇ ಜರ್ಮನಿಯ ರಸಾಯನ ವಿಜ್ಞಾನಿ ಓಟೋ ಬೇಯರ್.

ಬೇಯರ್ ಅವರು 1902ರ ನವೆಂಬರ್ 4ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ರಸಾಯನಶಾಸ್ತ್ರ ಕಲಿತು, ಯೂಲಿಯಸ್ ಫಾನ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ 1924ರಲ್ಲಿ ಡಾಕ್ಟರೇಟ್ ಪಡೆದರು. ಆಗ ಜರ್ಮನಿಯ ರಸಾಯನ ಉದ್ಯಮದ ಬೆನ್ನೆಲುಬು ಕೃತಕ ಬಣ್ಣಗಳ ತಯಾರಿಕೆ. ಬೇಯರ್ ಅವರ ಆರಂಭದ ದುಡಿಮೆಯೂ ಬಣ್ಣದ ರಸಾಯನದಲ್ಲೇ ನಡೆಯಿತು. ದೊಡ್ಡ ಕಂಪೆನಿಗಳು ಒಂದುಗೂಡಿ ಕಟ್ಟಿದ ಐ. ಜಿ. ಫಾರ್ಬೆನ್ ಸಂಸ್ಥೆಯು ಅವರನ್ನು ಲೆವರ್‌ಕುಸೆನ್‌ನ ಪ್ರಧಾನ ಸಂಶೋಧನಾಲಯದ ಮುಖ್ಯಸ್ಥರನ್ನಾಗಿ ನೇಮಿಸಿದಾಗ ಅವರು ಮೂವತ್ತನ್ನು ಆಗಷ್ಟೇ ದಾಟಿದ್ದರು. ಆಸ್ಪಿರಿನ್ ಮಾತ್ರೆಯಿಂದ ನಮಗೆ ಪರಿಚಿತವಾದ ಬೇಯರ್ ಕಂಪೆನಿಯ ಸ್ಥಾಪಕರ ಮನೆತನಕ್ಕೂ ಇವರಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಹೆಸರು ಒಂದೇ ಆದುದು ಕೇವಲ ಕಾಕತಾಳೀಯ.

ಅದು ಕೃತಕ ನೂಲುಗಳ ಕಾಲ. ಅಮೆರಿಕದ ಡುಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕರೋದರ್ಸ್ 1935ರಲ್ಲಿ ನೈಲಾನ್ ಸಿದ್ಧಪಡಿಸಿದ್ದರು. ಆ ದಾರಿಯೆಲ್ಲ ಪೇಟೆಂಟುಗಳ ಬೇಲಿಯೊಳಗಿತ್ತು. ನೈಲಾನ್ ತಯಾರಾಗುವಾಗ ಅಣುಗಳು ಕೂಡಿಕೊಂಡು ನೀರನ್ನು ಹೊರಹಾಕುತ್ತವೆ. ಏನನ್ನೂ ಹೊರಹಾಕದೆ ಅಣುವಿಗೆ ಅಣು ನೇರವಾಗಿ ಸೇರಿ ಸರಪಳಿಯಾಗುವ ಬೇರೊಂದು ಮಾರ್ಗ ಸಾಧ್ಯವೇ ಎಂದು ಬೇಯರ್ ಹುಡುಕಿದರು. ಐಸೊಸಯನೇಟ್ ಎಂಬ ಚುರುಕಾದ ರಸಾಯನವನ್ನು ಫ್ರಾನ್ಸಿನ ಅಡಾಲ್ಫ್ ವುರ್ಟ್ಸ್ 1849ರಲ್ಲೇ ತಯಾರಿಸಿದ್ದರು. ಅಣುವಿನ ಎರಡೂ ತುದಿಗಳಲ್ಲಿ ಐಸೊಸಯನೇಟ್ ಕೊಂಡಿಗಳಿದ್ದರೆ, ಎರಡೂ ತುದಿಗಳಲ್ಲಿ ಆಲ್ಕೊಹಾಲ್ ಗುಂಪುಗಳಿರುವ ಇನ್ನೊಂದು ಅಣುವಿನೊಡನೆ ಅದು ಕೂಡಿ ಉದ್ದದ ಸರಪಳಿ ಬೆಳೆಯಬೇಕು ಎಂಬುದು ಅವರ ತರ್ಕ. ಮೇಲಿನವರೂ ಜೊತೆಯವರೂ ಇದನ್ನು ನಂಬಲಿಲ್ಲ. ಇಂತಹ ದ್ವಿಮುಖ ಐಸೊಸಯನೇಟ್ ಆಗ ಕಾರ್ಖಾನೆಯ ಪ್ರಮಾಣದಲ್ಲಿ ಎಲ್ಲಿಯೂ ದೊರೆಯುತ್ತಿರಲಿಲ್ಲ. ಆದರೂ ಬೇಯರ್ ಹಿಂಜರಿಯಲಿಲ್ಲ. ಸಹೋದ್ಯೋಗಿ ಹೈನ್‌ರಿಶ್ ರಿಂಕೆ ಮೊದಲಾದವರ ಪ್ರಯೋಗಗಳು ಫಲಿಸಿ, 1937ರ ನವೆಂಬರ್ 13ರ ದಿನಾಂಕದ ಪೇಟೆಂಟಿನೊಂದಿಗೆ ಪಾಲಿಯುರೆಥೇನ್ ಲೋಕಕ್ಕೆ ಬಂದಿತು.

ಹುಟ್ಟಿದ ಕೂಸಿಗೆ ಮರ್ಯಾದೆ ಸಿಗಲು ಇನ್ನೂ ಕಾಲ ಬೇಕಿತ್ತು. ಯುದ್ಧಕಾಲದಲ್ಲಿ ಎರಕ ಹೊಯ್ದ ಕೆಲವು ಮಾದರಿಗಳ ಒಳಗೆ ಗುಳ್ಳೆಗಳೆದ್ದವು. ಅವನ್ನು ಪರೀಕ್ಷಿಸಿದವರು, ತೂತು ತೂತಾದ ಸ್ವಿಸ್ ಗಿಣ್ಣಿನ ನಕಲು ಮಾಡಲಷ್ಟೇ ಇದು ಯೋಗ್ಯ ಎಂದು ಗೇಲಿ ಮಾಡಿದರಂತೆ. ಬೇಯರ್ ತಂಡ ಆ ಗುಳ್ಳೆಗಳ ಕಾರಣವನ್ನು ಬೆನ್ನಟ್ಟಿತು. ಐಸೊಸಯನೇಟ್ ನೀರಿನೊಡನೆ ಸೇರಿದರೆ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ. ಹಾಗಾದರೆ ನೀರನ್ನು ಅಳತೆಯಿಂದ ಬೆರೆಸಿದರೆ ಗುಳ್ಳೆಯೂ ಅಳತೆಗೆ ಬರಬೇಕಲ್ಲವೇ? ಇಂದು ನಾವು ಮಲಗುವ ಹಾಸಿಗೆಯ, ಕಾರಿನ ಆಸನದ, ಫ್ರಿಜ್ಜಿನ ಗೋಡೆಯೊಳಗಿನ ಫೋಮ್ ಬೆಳೆದುಬಂದುದು ಇದೇ ತಿಳಿವಳಿಕೆಯಿಂದ. ದೋಷವೆಂದು ತಳ್ಳಿದ್ದೇ ಗುಣವಾಗಿ ಪರಿಣಮಿಸಿತು.

ಈ ಬಾಳಿನ ಕತೆಯಲ್ಲಿ ಮರೆಮಾಚಲಾಗದ ಕಪ್ಪು ಅಧ್ಯಾಯವೊಂದಿದೆ. ಬೇಯರ್ ದುಡಿಯುತ್ತಿದ್ದ ಐ. ಜಿ. ಫಾರ್ಬೆನ್ ಸಂಸ್ಥೆ ನಾಜಿ ಆಡಳಿತದೊಡನೆ ಕೈಜೋಡಿಸಿ, ಆಶ್ವಿಟ್ಸ್ ಶಿಬಿರದ ಕೈದಿಗಳನ್ನು ಕೃತಕ ರಬ್ಬರ್ ಕಾರ್ಖಾನೆಯ ನಿರ್ಮಾಣಕ್ಕೆ ಗುಲಾಮರಂತೆ ದುಡಿಸಿಕೊಂಡಿತು. ಸಂಸ್ಥೆಯ ಮುಖ್ಯಸ್ಥರು 1947 ಮತ್ತು 1948ರಲ್ಲಿ ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ಎದುರಿಸಿದರು. ಆ ಆರೋಪಿಗಳ ಪಟ್ಟಿಯಲ್ಲಿ ಓಟೋ ಬೇಯರ್ ಇರಲಿಲ್ಲ. ಆದರೆ ಅವರ ಆವಿಷ್ಕಾರ ಬೆಳೆದ ಅಂಗಳ ಅದೇ ಎಂಬುದನ್ನು ಇತಿಹಾಸ ಓದುವವರು ಮರೆಯುವಂತಿಲ್ಲ.

1947ರಲ್ಲಿ ಬೇಯರ್ ತಮ್ಮ ವಿಧಾನವನ್ನು ದೀರ್ಘ ಲೇಖನವೊಂದರಲ್ಲಿ ವಿಜ್ಞಾನಲೋಕದ ಮುಂದಿಟ್ಟರು. ಐ. ಜಿ. ಫಾರ್ಬೆನ್ ಒಡೆದು ಬೇಯರ್ ಕಂಪೆನಿ 1951ರಲ್ಲಿ ಮತ್ತೆ ಬೇರೆಯಾಗಿ ನಿಂತಿತು. ಆ ಹೊತ್ತಿಗೆ ವುಲ್ಕೊಲಾನ್ ಎಂಬ ಹೆಸರಿನ, ರಬ್ಬರಿನಂತೆ ಪುಟಿಯುವ ಆದರೆ ಸವೆತಕ್ಕೆ ರಬ್ಬರಿಗಿಂತ ಬಹಳ ಗಟ್ಟಿಯಾದ ಪಾಲಿಯುರೆಥೇನ್ ಸಿದ್ಧವಾಗಿತ್ತು. ಇಂದಿನ ಪಿಯು ಬುಶ್‌ಗಳು ಇದೇ ವಂಶದವು. 1975ರಲ್ಲಿ ಅಮೆರಿಕದ ರಸಾಯನ ಸಂಘದ ರಬ್ಬರ್ ವಿಭಾಗವು ಬೇಯರ್ ಅವರಿಗೆ ಚಾರ್ಲ್ಸ್ ಗುಡ್‌ಇಯರ್ ಪದಕವನ್ನಿತ್ತು ಗೌರವಿಸಿತು. 1839ರಲ್ಲಿ ಗಂಧಕ ಬೆರೆಸಿ ರಬ್ಬರನ್ನು ಹದಗೊಳಿಸಿದವರ ಹೆಸರಿನ ಪದಕ, ರಬ್ಬರಿಗೆ ಪ್ರತಿಸ್ಪರ್ಧಿಯನ್ನು ಸೃಷ್ಟಿಸಿದವರ ಕೊರಳಿಗೆ ಬಿದ್ದುದು ಅರ್ಥಪೂರ್ಣ. 1982ರ ಆಗಸ್ಟ್ 1ರಂದು, ಎಂಬತ್ತರ ಹೊಸ್ತಿಲಲ್ಲಿ, ಬುರ್ಶೈಡ್ ಎಂಬ ಊರಿನಲ್ಲಿ ಅವರು ಕೊನೆಯುಸಿರೆಳೆದರು.

ಬೇಯರ್ ಅವರ ಕೊಡುಗೆಯ ತಿರುಳು ಇಷ್ಟು: ಬೆರೆಸುವ ವಸ್ತುಗಳನ್ನು ಬದಲಿಸುತ್ತ ಹೋದರೆ ಅದೇ ಪಾಲಿಯುರೆಥೇನ್ ಹತ್ತಿಯಂತೆ ಮೃದುವೂ ಆದೀತು, ಮರದಂತೆ ಗಡುಸೂ ಆದೀತು. ಆದ್ದರಿಂದ ಎಲ್ಲಿಗೆ ಯಾವುದು ಎಂಬ ವಿವೇಕ ಮುಖ್ಯ. ಹಳೆಯ ಕಾರಿನ ಯಜಮಾನರಿಗೂ ಈ ಮಾತು ಅನ್ವಯಿಸುತ್ತದೆ. ಲೋವರ್ ಆರ್ಮ್, ಸ್ಟೆಬಿಲೈಸರ್ ಬಾರ್ ಮುಂತಾದೆಡೆ ಪಿಯು ಬುಶ್ ಹಾಕಿದರೆ ಚಕ್ರದ ಅಲೈನ್‌ಮೆಂಟ್ ಅಲುಗದೆ ನಿಲ್ಲುತ್ತದೆ, ಸ್ಟೀಯರಿಂಗ್ ಚುರುಕಾಗುತ್ತದೆ, ಸೋರುವ ಎಣ್ಣೆ ತಾಗಿದರೂ ಬುಶ್ ಬೇಗ ಕೆಡುವುದಿಲ್ಲ. ಆದರೆ ಇಂಜಿನ್ ಮೌಂಟಿಂಗ್‌ಗೆ ಗಡುಸು ಪಿಯು ಹಾಕಿದರೆ ಇಂಜಿನ್ನಿನ ನಡುಕವೆಲ್ಲ ಆಸನಕ್ಕೂ ಡ್ಯಾಶ್‌ಬೋರ್ಡಿಗೂ ಏರಿ ಬರುತ್ತದೆ. ಹಲವು ದಿಕ್ಕಿಗೆ ತಿರುಚಿಕೊಳ್ಳಬೇಕಾದ ಜಾಗದಲ್ಲಿ ಅದು ಬಿಗಿದು ನಿಲ್ಲುವುದೂ ಉಂಟು. ಸಾಮಾನ್ಯ ರಬ್ಬರ್ ಬುಶ್ ಲೋಹದ ಕೊಳವೆಗೆ ಅಂಟಿಕೊಂಡು ತಾನೇ ತಿರುಚುತ್ತದೆ. ಪಿಯು ಬುಶ್ ಕೊಳವೆಯ ಮೇಲೆ ಜಾರುತ್ತ ತಿರುಗುತ್ತದೆ. ತಯಾರಕರು ಹೇಳಿದ ಗ್ರೀಸ್ ಹಾಕದಿದ್ದರೆ ಅದು ಕಿರುಗುಟ್ಟುವುದು ಖಚಿತ.

ಉಡುಪಿಯಂತಹ ಊರಿಗೆ ಇನ್ನೊಂದು ಎಚ್ಚರ ಬೇಕು. ಪಾಲಿಯುರೆಥೇನ್‌ನಲ್ಲಿ ಪಾಲಿಯೆಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು ಎಂಬ ಎರಡು ಬಗೆಗಳಿವೆ. ಮೊದಲನೆಯದು ಸವೆತಕ್ಕೆ ಬಗ್ಗದು, ಆದರೆ ಸೆಕೆ ಮತ್ತು ತೇವ ಕೂಡಿದಲ್ಲಿ ನೀರೇ ಅದರ ಸರಪಳಿಯನ್ನು ಕತ್ತರಿಸುತ್ತದೆ. ಎರಡನೆಯದು ತೇವವನ್ನು ಹೆಚ್ಚು ತಾಳುತ್ತದೆ. ತಿಂಗಳುಗಟ್ಟಲೆ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಬುಶ್ ಕೊಳ್ಳುವ ಮುನ್ನ ಈ ಪ್ರಶ್ನೆ ಕೇಳುವುದು ಒಳಿತು.

ಕೊನೆಯದಾಗಿ ಗ್ಯಾರೇಜಿನವರ ಪ್ರಾಣಕ್ಕೆ ಸಂಬಂಧಿಸಿದ ಮಾತು. ಕಚ್ಚಿಕೊಂಡ ಹಳೆಯ ಬುಶ್ ಅನ್ನು ಗ್ಯಾಸಿನ ಬೆಂಕಿಯಿಂದ ಸುಟ್ಟು ತೆಗೆಯುವ ರೂಢಿ ಅನೇಕ ಕಡೆ ಇದೆ. ಪಾಲಿಯುರೆಥೇನ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಸೇರಿದ ವಿಷದ ಹೊಗೆ ಏಳುತ್ತದೆ. ಅದನ್ನು ಪ್ರೆಸ್ಸಿನಿಂದ ಒತ್ತಿ ಅಥವಾ ಕೊಯ್ದು ತೆಗೆಯಬೇಕು. ಟಿಂಕರಿಂಗ್ ಶೆಡ್ಡಿನಲ್ಲಿ ಬಳಸುವ ಪಿಯು ಪೈಂಟಿನ ಹಾರ್ಡನರಿನಲ್ಲೂ ಐಸೊಸಯನೇಟ್ ಇರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಅದು ತಡೆಯದು. ವರ್ಷಗಟ್ಟಲೆ ಉಸಿರಾಡಿದವರಿಗೆ ದಮ್ಮಿನ ಕಾಯಿಲೆ ಅಂಟುವ ಭಯವಿದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಕೀಟನಾಶಕಕ್ಕೆ ಬಳಕೆಯಾಗುತ್ತಿದ್ದ ಬೇರೆಯೇ ರಸಾಯನ. ಆದರೂ ಈ ಕುಲದ ಚುರುಕು ಎಂತಹುದೆಂದು ಅದು ದೇಶಕ್ಕೆಲ್ಲ ತೋರಿಸಿತು. ಸರಪಳಿಯಾಗಿ ಗಟ್ಟಿಗೊಂಡ ಮೇಲೆ ನಿರುಪದ್ರವಿ, ಅದಕ್ಕೆ ಮುನ್ನವೂ ಬೆಂಕಿ ತಾಗಿದ ಬಳಿಕವೂ ಅಪಾಯಕಾರಿ. ಓಟೋ ಬೇಯರ್ ಲೋಕಕ್ಕಿತ್ತ ವಸ್ತುವನ್ನು ಬಳಸುವವರು ಇಷ್ಟನ್ನು ತಿಳಿದಿದ್ದರೆ ಹಳೆಯ ಕಾರು ಮಾತ್ರವಲ್ಲ, ಅದನ್ನು ದುರಸ್ತಿ ಮಾಡುವ ಕೈಗಳೂ ಬಹುಕಾಲ ಬಾಳುತ್ತವೆ.