ಟವರ್ ನೋಡಿ ಆಟಿಕೆ ಮಾಡಿದ ಗಿಲ್ಬರ್ಟ್

ಮಕ್ಕಳೇ, ಪಾವಗಡ ತಾಲ್ಲೂಕಿನ ತಿರುಮಣಿಯ ಸೋಲಾರ್ ಪಾರ್ಕ್ ಬಗ್ಗೆ ನೀವು ಕೇಳಿರಬಹುದು. ನಿಮ್ಮಲ್ಲಿ ಕೆಲವರು ಅದನ್ನು ನೋಡಿಯೂ ಇರಬಹುದು. 2018ರಿಂದ ಅಲ್ಲಿ ಬಿಸಿಲಿನಿಂದ ವಿದ್ಯುತ್ ತಯಾರಾಗುತ್ತಿದೆ. ಆ ವಿದ್ಯುತ್ತನ್ನು ಹೊತ್ತು ಹೊರಡುವ ತಂತಿಗಳಿಗೆ ಹೊಲಗಳ ನಡುವೆ ಎತ್ತರದ ಉಕ್ಕಿನ ಟವರುಗಳನ್ನು ನಿಲ್ಲಿಸಿದ್ದಾರೆ. ಮಧುಗಿರಿಯಲ್ಲಾಗಲಿ, ಶಿರಾ ಕಡೆಯ ನಮ್ಮ ಗೌಡಗೆರೆಯಲ್ಲಾಗಲಿ, ಇಂಥ ಟವರ್ ಕಂಡಾಗ ದೂರದಲ್ಲಿ ನಿಂತು ಗಮನವಿಟ್ಟು ನೋಡಿ. (ಹತ್ತಿರ ಹೋಗಬೇಡಿ, ಹತ್ತುವ ಯೋಚನೆಯನ್ನಂತೂ ಮಾಡಲೇಬೇಡಿ.) ಅದರಲ್ಲಿ ತುಂಬಿದ ಗೋಡೆ ಇಲ್ಲ, ದಪ್ಪನೆಯ ಕಂಬವೂ ಇಲ್ಲ. ಸಣ್ಣ ಸಣ್ಣ ಉಕ್ಕಿನ ಪಟ್ಟಿಗಳನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಜೋಡಿಸಿ ನಟ್ಟು ಬೋಲ್ಟು ಬಿಗಿದಿದ್ದಾರೆ. ಎಲ್ಲಿ ನೋಡಿದರೂ ತ್ರಿಕೋನಗಳು. ಗಾಳಿ ಎಷ್ಟೇ ಬೀಸಲಿ, ಟವರ್ ನಿಂತೇ ಇರುತ್ತದೆ.

ನೂರು ವರ್ಷಗಳಿಗೂ ಹಿಂದೆ ಅಮೆರಿಕದಲ್ಲಿ ಒಬ್ಬರು ರೈಲಿನ ಕಿಟಕಿಯಿಂದ ಇಂಥದೇ ಉಕ್ಕಿನ ಕಟ್ಟಡಗಳನ್ನು ನೋಡಿದರು. ನೋಡಿದ್ದನ್ನು ಆಟಿಕೆ ಮಾಡಿ ಪೆಟ್ಟಿಗೆಯಲ್ಲಿ ತುಂಬಿದರು. ಅವರ ಹೆಸರು ಆಲ್ಫ್ರೆಡ್ ಕಾರ್ಲ್‌ಟನ್ ಗಿಲ್ಬರ್ಟ್.

ಗಿಲ್ಬರ್ಟ್ ಹುಟ್ಟಿದ್ದು 1884ರ ಫೆಬ್ರವರಿ 15ರಂದು, ಅಮೆರಿಕದ ಪಶ್ಚಿಮ ಭಾಗದಲ್ಲಿರುವ ಆರೆಗಾನ್ ರಾಜ್ಯದ ಸೇಲಂ ಊರಿನಲ್ಲಿ. (ನಮ್ಮ ತಮಿಳುನಾಡಿನ ಸೇಲಂ ಬೇರೆ.) ಹುಡುಗನಿಗೆ ಎರಡು ಹುಚ್ಚು. ಒಂದು ವ್ಯಾಯಾಮ, ಇನ್ನೊಂದು ಮ್ಯಾಜಿಕ್. ಓದಿನಲ್ಲೂ ಹಿಂದೆ ಬೀಳಲಿಲ್ಲ. ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿ ವೈದ್ಯಶಾಸ್ತ್ರ ಓದಿದರು. ಕಾಲೇಜಿನಲ್ಲಿದ್ದಾಗ ಮ್ಯಾಜಿಕ್ ಪ್ರದರ್ಶನ ಕೊಟ್ಟು ತಮ್ಮ ಖರ್ಚಿಗೆ ಹಣ ಸಂಪಾದಿಸುತ್ತಿದ್ದರು. 1908ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿ ಪೋಲ್ ವಾಲ್ಟ್, ಅಂದರೆ ಉದ್ದನೆಯ ಗಳ ಊರಿ ಎತ್ತರಕ್ಕೆ ಜಿಗಿಯುವ ಸ್ಪರ್ಧೆಯಲ್ಲಿ, ಗಿಲ್ಬರ್ಟ್ 3.71 ಮೀಟರ್ ಜಿಗಿದರು. ಎಡ್ವರ್ಡ್ ಕುಕ್ ಎಂಬ ಇನ್ನೊಬ್ಬ ಅಮೆರಿಕನ್ನರೂ ಅಷ್ಟೇ ಎತ್ತರ ಜಿಗಿದದ್ದರಿಂದ ಇಬ್ಬರಿಗೂ ಚಿನ್ನ ಸಿಕ್ಕಿತು. ಮರುವರ್ಷ ವೈದ್ಯ ಪದವಿಯೂ ಕೈಗೆ ಬಂತು.

ಡಾಕ್ಟರಾದ ಮೇಲೆ ಆಸ್ಪತ್ರೆಗೆ ಹೋಗಬೇಕಲ್ಲವೇ? ಗಿಲ್ಬರ್ಟ್ ಹೋಗಲಿಲ್ಲ. 1909ರಲ್ಲಿ ಗೆಳೆಯ ಜಾನ್ ಪೆಟ್ರಿ ಅವರ ಜೊತೆ ಸೇರಿ ಮಕ್ಕಳಿಗೆ ಮ್ಯಾಜಿಕ್ ಸಾಮಾನು ತಯಾರಿಸುವ ಮಿಸ್ಟೋ ಎಂಬ ಸಣ್ಣ ಕಂಪನಿ ತೆರೆದರು. ಅದು ನ್ಯೂ ಹೇವನ್ ಎಂಬ ನಗರದಲ್ಲಿತ್ತು. ವ್ಯಾಪಾರದ ಕೆಲಸಕ್ಕೆ ಅಲ್ಲಿಂದ ನ್ಯೂಯಾರ್ಕಿಗೆ ಆಗಾಗ ರೈಲಿನಲ್ಲಿ ಹೋಗಿಬರಬೇಕಾಗುತ್ತಿತ್ತು.

ಆ ದಿನಗಳಲ್ಲಿ ಆ ರೈಲುಮಾರ್ಗವನ್ನು ಉಗಿಬಂಡಿಯಿಂದ ವಿದ್ಯುತ್ತಿಗೆ ಬದಲಾಯಿಸುತ್ತಿದ್ದರು. ವಿದ್ಯುತ್ತನ್ನು ದೂರಕ್ಕೆ ಒಯ್ಯುವ ಕೆಲಸ ಆಗಿನ್ನೂ ಹೊಸದು. ಆದರೆ ನಮ್ಮ ಮೈಸೂರು ಸಂಸ್ಥಾನಕ್ಕೆ ಅದು ಹೊಸದಲ್ಲ! 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ಇರಲಿ, ರೈಲಿಗೆ ಹಿಂದಿರುಗೋಣ. 1911ರಲ್ಲಿ ಒಂದು ದಿನ ಗಿಲ್ಬರ್ಟ್ ಕಿಟಕಿಯ ಪಕ್ಕ ಕುಳಿತಿದ್ದರು. ಹೊರಗೆ ಕೆಲಸಗಾರರು ತಂತಿ ಹೊರಲು ಉಕ್ಕಿನ ತೊಲೆಗಳನ್ನು ಎತ್ತಿ ನಿಲ್ಲಿಸುತ್ತಿದ್ದರು. ಆ ದಾರಿಯಲ್ಲಿ ದಿನವೂ ನೂರಾರು ಜನ ಓಡಾಡುತ್ತಿದ್ದರು. ಮಕ್ಕಳೂ ಹೀಗೆ ತೊಲೆ ಜೋಡಿಸಿ ಕಟ್ಟಡ ಕಟ್ಟುವಂತಿದ್ದರೆ ಹೇಗೆ ಎಂದು ಯೋಚಿಸಿದವರು ಗಿಲ್ಬರ್ಟ್.

ಮನೆಗೆ ಬಂದವರೇ ರಟ್ಟು, ಕತ್ತರಿ ಹಿಡಿದು ಕೂತರು. ಹೆಂಡತಿ ಮೇರಿಯೂ ಕೈಜೋಡಿಸಿದರು. ಬೇರೆ ಬೇರೆ ಅಳತೆಯ ರಟ್ಟಿನ ಪಟ್ಟಿಗಳನ್ನು ಕತ್ತರಿಸಿದರು, ಜೋಡಿಸಿ ನೋಡಿದರು. ಸರಿ ಎನಿಸಿದ ಮೇಲೆ ಅವೇ ಅಳತೆಗಳಲ್ಲಿ ಉಕ್ಕಿನ ತಗಡಿನಿಂದ ಮಾಡಿಸಿದರು.

ತೂತು ಕೊರೆದ ಲೋಹದ ಪಟ್ಟಿಗಳ ಆಟಿಕೆ ಆಗಲೇ ಇತ್ತು. ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬವರು 1901ರಲ್ಲೇ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಮೆಕ್ಯಾನೋ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಹಾಗಾಗಿ ಇಂಥ ಆಟಿಕೆಯನ್ನು ಮೊದಲು ಮಾಡಿದವರು ಗಿಲ್ಬರ್ಟ್ ಎಂದರೆ ತಪ್ಪಾಗುತ್ತದೆ. ಹಾಗಾದರೆ ಅವರದ್ದರಲ್ಲಿ ಹೊಸದೇನು? ತಿಳಿಯಲು ಒಂದು ಪ್ರಯೋಗ ಮಾಡೋಣ.

ಎರಡು ದಪ್ಪ ಪುಸ್ತಕಗಳನ್ನು ಒಂದು ಗೇಣು ಅಂತರದಲ್ಲಿಡಿ. ಅವುಗಳ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಸೇತುವೆಯಂತೆ ಇಡಿ. ನಡುವೆ ಒಂದು ರೂಪಾಯಿ ನಾಣ್ಯ ಇಟ್ಟರೆ ಹಾಳೆ ಬಾಗಿ ಬಿದ್ದುಹೋಗುತ್ತದೆ. ಈಗ ಅದೇ ಹಾಳೆಯ ಎರಡು ಉದ್ದನೆಯ ಅಂಚುಗಳನ್ನು ಎರಡು ಬೆರಳಗಲ ಮೇಲಕ್ಕೆ ಮಡಚಿ ಚರಂಡಿಯ ಆಕಾರ ಮಾಡಿ ಇಡಿ. ಮತ್ತೆ ನಾಣ್ಯ ಇಡಿ. ಎಷ್ಟು ನಾಣ್ಯಗಳವರೆಗೆ ತಡೆಯುತ್ತದೆ, ಎಣಿಸಿ. ಹಾಳೆ ಅದೇ, ತೂಕ ಅದೇ. ಆಕಾರ ಮಾತ್ರ ಬದಲಾಯಿತು. ಬಾಗುವುದನ್ನು ತಡೆಯಲು ವಸ್ತು ಎಷ್ಟಿದೆ ಎಂಬುದಷ್ಟೇ ಅಲ್ಲ, ಅದು ಮೇಲೆ ಕೆಳಗೆ ಎಷ್ಟು ದೂರ ಹರಡಿದೆ ಎಂಬುದೂ ಮುಖ್ಯ.

ಗಿಲ್ಬರ್ಟ್ ತಮ್ಮ ಪಟ್ಟಿಗಳ ಅಂಚನ್ನು ಹೀಗೆಯೇ ಮಡಚಿದರು. ಅಂಥ ನಾಲ್ಕು ಪಟ್ಟಿಗಳನ್ನು ಸೇರಿಸಿ ಬೋಲ್ಟು ಬಿಗಿದರೆ ಒಳಗೆ ಟೊಳ್ಳಾದ, ನಾಲ್ಕು ಮುಖದ ತೊಲೆಯಾಗುತ್ತಿತ್ತು. ನೋಡಲು ನಿಜವಾದ ಸೇತುವೆಯ ತೊಲೆಯಂತೆಯೇ ಇತ್ತು. ಹಗುರ, ಆದರೆ ಬಾಗುತ್ತಿರಲಿಲ್ಲ. ಜೊತೆಗೆ ಗಾಲಿ, ರಾಟೆ, ಹಲ್ಲುಚಕ್ರಗಳು. ದೊಡ್ಡ ಪೆಟ್ಟಿಗೆಗಳಲ್ಲಿ ಪುಟ್ಟ ವಿದ್ಯುತ್ ಮೋಟಾರೂ ಇರುತ್ತಿತ್ತು. ಸೇತುವೆ, ಕ್ರೇನು, ಲಿಫ್ಟು, ಜಾತ್ರೆಯಲ್ಲಿ ತಿರುಗುವ ಜಾಯಿಂಟ್ ವೀಲ್, ಏನು ಬೇಕಾದರೂ ಕಟ್ಟಬಹುದು. ಬೇಡವೆನಿಸಿದರೆ ಬಿಚ್ಚಿ ಬೇರೆಯದನ್ನು ಕಟ್ಟಬಹುದು. ಈ ಆಟಿಕೆಗೆ ಎರೆಕ್ಟರ್ ಎಂದು ಹೆಸರಿಟ್ಟರು. ಎತ್ತಿ ನಿಲ್ಲಿಸುವಂಥದ್ದು ಎಂದು ಅದರ ಅರ್ಥ.

1913ರಲ್ಲಿ ಎರೆಕ್ಟರ್ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಹೋದರೆ ಆಟಿಕೆ ಅಂಗಡಿಯ ಮುಂದೆ ಮಕ್ಕಳು ಕದಲುವುದೇ ಇಲ್ಲ, ಅಲ್ಲವೇ? ದಸರಾದಲ್ಲಿ ಗೊಂಬೆ ಕೂರಿಸುವ ಮನೆಯವರು ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅಮೆರಿಕದಲ್ಲಿ ಅಂಥ ಕಾಲವೆಂದರೆ ಕ್ರಿಸ್‌ಮಸ್. ಡಿಸೆಂಬರ್ ಬಂತೆಂದರೆ ಮಕ್ಕಳಿಗೆ ಉಡುಗೊರೆ ಕೊಳ್ಳಲು ಜನ ಅಂಗಡಿಗಳಿಗೆ ಮುಗಿಬೀಳುತ್ತಾರೆ. ಗಿಲ್ಬರ್ಟ್ ಇದನ್ನು ಚೆನ್ನಾಗಿ ಬಲ್ಲವರು. ದೇಶದ ಎಲ್ಲೆಡೆ ಓದುವ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಜಾಹೀರಾತು ಕೊಟ್ಟರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದು ಆಟಿಕೆಗೆ ಜಾಹೀರಾತು ಕೊಟ್ಟದ್ದು ಅಲ್ಲಿ ಅದೇ ಮೊದಲು. ಹೊಸ ಮಾದರಿ ಕಟ್ಟಿ ತೋರಿಸಿದ ಮಕ್ಕಳಿಗೆ ಬಹುಮಾನವನ್ನೂ ಇಟ್ಟರು. ಎರೆಕ್ಟರ್ ಪೆಟ್ಟಿಗೆ ಕ್ರಿಸ್‌ಮಸ್ಸಿನ ಬಹುಬೇಡಿಕೆಯ ಉಡುಗೊರೆಯಾಯಿತು. 1916ರಲ್ಲಿ ಕಂಪನಿಗೆ ಅವರದೇ ಹೆಸರು ಬಂತು. ಅದೇ ವರ್ಷ ಆಟಿಕೆ ತಯಾರಕರೆಲ್ಲ ಸೇರಿ ಒಂದು ಸಂಘ ಕಟ್ಟಿ ಅವರನ್ನೇ ಮೊದಲ ಅಧ್ಯಕ್ಷರನ್ನಾಗಿ ಆರಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಆ ಜಾಹೀರಾತುಗಳೆಲ್ಲ ಹುಡುಗರನ್ನೇ ಕರೆಯುತ್ತಿದ್ದವು. ಸೇತುವೆ ಕಟ್ಟುವುದು ಗಂಡುಮಕ್ಕಳ ಆಟ, ಹೆಣ್ಣುಮಕ್ಕಳಿಗೆ ಗೊಂಬೆ ಸಾಕು ಎಂದು ಆ ಕಾಲದವರು ತಿಳಿದಿದ್ದರು. ಗಿಲ್ಬರ್ಟರೂ ಅದನ್ನು ಮೀರಲಿಲ್ಲ. ನಮ್ಮ ಶಾಲೆಗಳ ವಿಜ್ಞಾನ ಮೇಳಗಳಲ್ಲಿ ಹುಡುಗಿಯರು ಕಟ್ಟುವ ಮಾದರಿಗಳನ್ನು ನೋಡಿದ ನನಗೆ ಅವರು ಅರ್ಧದಷ್ಟು ಮಕ್ಕಳನ್ನು ಮರೆತೇಬಿಟ್ಟರಲ್ಲ ಎನಿಸುತ್ತದೆ.

1917ರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ಉಕ್ಕು, ಕೂಲಿ, ಹಣ ಎಲ್ಲವೂ ಯುದ್ಧಕ್ಕೆ ಬೇಕಾಯಿತು. 1918ರಲ್ಲಿ ಅಲ್ಲಿನ ರಾಷ್ಟ್ರೀಯ ರಕ್ಷಣಾ ಮಂಡಳಿ ಆ ವರ್ಷ ಕ್ರಿಸ್‌ಮಸ್ ಉಡುಗೊರೆಗಳ ತಯಾರಿಕೆ, ಮಾರಾಟವನ್ನೇ ನಿಲ್ಲಿಸುವ ಆಲೋಚನೆ ಮಾಡಿತು. ಯುದ್ಧ ನಡೆಯುತ್ತಿರುವಾಗ ಆಟಿಕೆ ಯಾರಿಗೆ ಬೇಕು? ಮೇಲ್ನೋಟಕ್ಕೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಆಟಿಕೆ ಕಾರ್ಖಾನೆಗಳು ಮುಚ್ಚಿದರೆ ಅಲ್ಲಿ ದುಡಿಯುವವರ ಗತಿಯೇನು? ಮಕ್ಕಳ ಗತಿಯೇನು?

ಸಂಘದ ಪರವಾಗಿ ಗಿಲ್ಬರ್ಟ್ ರಾಜಧಾನಿ ವಾಷಿಂಗ್ಟನ್ನಿಗೆ ಹೋದರು. ಬರಿಗೈಯಲ್ಲಿ ಹೋಗಲಿಲ್ಲ, ಆಟಿಕೆಗಳನ್ನು ಹೊತ್ತುಕೊಂಡೇ ಹೋದರು. ಮಂಡಳಿಯಲ್ಲಿ ಯುದ್ಧ ಖಾತೆ, ನೌಕಾ ಖಾತೆ, ವಾಣಿಜ್ಯ ಖಾತೆಗಳ ಮಂತ್ರಿಗಳಂಥ ದೊಡ್ಡವರಿದ್ದರು. ಅವರ ಮುಂದೆ ನಿಂತು, ಆಟಿಕೆ ಬರೀ ಕಾಲ ಕಳೆಯುವ ವಸ್ತುವಲ್ಲ, ಮುಂದೆ ದೇಶಕ್ಕೆ ಬೇಕಾಗುವ ಎಂಜಿನಿಯರುಗಳು ಈ ಆಟದಿಂದಲೇ ತಯಾರಾಗುತ್ತಾರೆ ಎಂದು ವಾದಿಸಿದರು. ಆಮೇಲೆ ತಂದಿದ್ದ ಆಟಿಕೆಗಳನ್ನು ಹೊರತೆಗೆದು ಹರಡಿದರು. ಸ್ವಲ್ಪ ಹೊತ್ತಿಗೆ ಮಂತ್ರಿಗಳು ತಾವು ಮಂತ್ರಿಗಳೆಂಬುದನ್ನೇ ಮರೆತು ಮಕ್ಕಳ ಹಾಗೆ ಆಡತೊಡಗಿದರಂತೆ! ಹೇಳುತ್ತ ಹೇಳುತ್ತ ಈ ಕಥೆಗೆ ಬಣ್ಣ ಸೇರಿರಬಹುದು. ಆದರೆ ನಿಷೇಧದ ಆಲೋಚನೆಯನ್ನು ಮಂಡಳಿ ಕೈಬಿಟ್ಟದ್ದು ನಿಜ. ಕ್ರಿಸ್‌ಮಸ್ಸನ್ನು ಉಳಿಸಿದ ಮನುಷ್ಯ ಎಂದು ಪತ್ರಿಕೆಯವರು ಗಿಲ್ಬರ್ಟರನ್ನು ಕರೆದರು. ಆ ನವೆಂಬರ್ 11ರಂದು ಯುದ್ಧವೇ ಮುಗಿದುಹೋಯಿತು.

ಮುಂದೆ ಅವರ ಕಂಪನಿ ರಸಾಯನಶಾಸ್ತ್ರದ ಪೆಟ್ಟಿಗೆ, ಸೂಕ್ಷ್ಮದರ್ಶಕ, ಆಟದ ರೈಲು ಹೀಗೆ ಬಹಳಷ್ಟು ತಯಾರಿಸಿತು. ಎಲ್ಲವೂ ಗೆಲ್ಲಲಿಲ್ಲ. 1950ರಲ್ಲಿ ಪರಮಾಣು ಪ್ರಯೋಗಾಲಯ ಎಂಬ ಪೆಟ್ಟಿಗೆಯನ್ನು ತಂದರು. ಅದರಲ್ಲಿ ವಿಕಿರಣ ಅಳೆಯುವ ಗೀಗರ್ ಕೌಂಟರ್ ಇತ್ತು, ಜೊತೆಗೆ ನಿಜವಾದ ಯುರೇನಿಯಂ ಅದಿರೂ ಇತ್ತು! ಬೆಲೆ 49.50 ಡಾಲರ್. ಆ ಕಾಲಕ್ಕೆ ಅದು ಬಲು ದುಬಾರಿ. ಹೆಚ್ಚು ಮಾರಾಟವಾಗಲಿಲ್ಲ, ಬೇಗನೆ ನಿಂತಿತು. ವಿಕಿರಣ ಹೊರಸೂಸುವ ವಸ್ತುವನ್ನು ಆಟಿಕೆಯಾಗಿ ಮಕ್ಕಳ ಕೈಗೆ ಕೊಡಲು ಇಂದು ಯಾರೂ ಒಪ್ಪುವುದಿಲ್ಲ.

ಎರೆಕ್ಟರ್ ಮಾಡಿದ ಒಂದು ಕೆಲಸವನ್ನು ಗಿಲ್ಬರ್ಟ್ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ ಎಂದು ನೀವು ಓದಿದ್ದೀರಿ. ಹೃದಯದ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಅದನ್ನು ಸ್ವಲ್ಪ ಹೊತ್ತು ಬಿಡುವಾಗಿ ಇಡಬೇಕು. ಆಗ ರಕ್ತವನ್ನು ತಳ್ಳುವವರು ಯಾರು? 1949ರ ಸುಮಾರಿಗೆ ಯೇಲ್‌ನಲ್ಲಿ ಓದುತ್ತಿದ್ದ ವಿಲಿಯಂ ಸೀವೆಲ್ ಎಂಬ ವೈದ್ಯ ವಿದ್ಯಾರ್ಥಿ, ವಿಲಿಯಂ ಗ್ಲೆನ್ ಎಂಬ ಶಸ್ತ್ರವೈದ್ಯರ ಮಾರ್ಗದರ್ಶನದಲ್ಲಿ ಅದಕ್ಕೊಂದು ಪಂಪು ಮಾಡಿದರು. ಪಂಪಿಗೆ ಬಳಸಿದ್ದು ಎರೆಕ್ಟರ್ ಪೆಟ್ಟಿಗೆಯ ಮೋಟಾರು ಮತ್ತು ಬಿಡಿಭಾಗಗಳು. ಒಟ್ಟು ಖರ್ಚು ಸುಮಾರು 25 ಡಾಲರ್. ನಾಯಿಯ ಹೃದಯದ ಬಲಭಾಗದ ಕೆಲಸವನ್ನು ಆ ಪಂಪು ಒಂದು ಗಂಟೆಗೂ ಹೆಚ್ಚು ಹೊತ್ತು ಮಾಡಿತು, ನಾಯಿ ಬದುಕಿತ್ತು. ಆ ಪಂಪು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಕ್ಕೆ ಸೇರಿತು. ಯೇಲ್‌ನಲ್ಲೇ ವೈದ್ಯಶಾಸ್ತ್ರ ಓದಿ, ವೈದ್ಯವೃತ್ತಿ ಬಿಟ್ಟು ಆಟಿಕೆ ಮಾಡಲು ಹೊರಟವರು ಗಿಲ್ಬರ್ಟ್. ಅವರ ಆಟಿಕೆ ಮಾತ್ರ ವೈದ್ಯಕೀಯಕ್ಕೆ ಮರಳಿ ಬಂತು.

1961ರ ಜನವರಿ 24ರಂದು ಗಿಲ್ಬರ್ಟ್ ತೀರಿಕೊಂಡರು. ಅವರ ಕಂಪನಿ 1967ರಲ್ಲಿ ಮುಚ್ಚಿತು. ಅವರು ಹುಟ್ಟಿದ ಸೇಲಂನಲ್ಲಿ 1989ರಲ್ಲಿ ಅವರ ಹೆಸರಿನ ಮಕ್ಕಳ ವಸ್ತುಸಂಗ್ರಹಾಲಯ ತೆರೆಯಿತು.

ಎರೆಕ್ಟರ್ ಪೆಟ್ಟಿಗೆ ನಮ್ಮ ಹಳ್ಳಿಗಳಿಗೆ ಬರಲಿಲ್ಲ. ಬಂದಿದ್ದರೂ ಕೊಳ್ಳುವಷ್ಟು ಹಣ ಎಲ್ಲಿತ್ತು? ಆದರೆ ನಮ್ಮ ದೇಶದಲ್ಲೇ ಒಬ್ಬರು ಇದಕ್ಕೆ ದಾರಿ ಹುಡುಕಿದರು. ಅರವಿಂದ ಗುಪ್ತ ಎಂಬ ಎಂಜಿನಿಯರ್ 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಕಾರ್ಯಕ್ರಮಕ್ಕೆ ಬಂದರು. ಉಕ್ಕಿನ ಪಟ್ಟಿಯ ಬದಲು ಬೆಂಕಿಕಡ್ಡಿ, ನಟ್ಟು ಬೋಲ್ಟಿನ ಬದಲು ಸೈಕಲ್ಲಿನ ವಾಲ್ವ್ ಟ್ಯೂಬಿನ ಸಣ್ಣ ತುಂಡು ಬಳಸಿ ಅವರು ಮೆಕ್ಯಾನೋ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನೀವೂ ಮಾಡಿ ನೋಡಿ. ಮದ್ದು ಇರುವ ಬೆಂಕಿಕಡ್ಡಿ ಬೇಡ, ಪೊರಕೆ ಕಡ್ಡಿಯೇ ಸಾಕು. ಸೈಕಲ್ ಶಾಪಿನಲ್ಲಿ ಸ್ವಲ್ಪ ವಾಲ್ವ್ ಟ್ಯೂಬ್ ತಂದು ಎರಡು ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ. ಐದು ಸೆಂ.ಮೀ. ಉದ್ದದ ಮೂರು ಕಡ್ಡಿಗಳ ತುದಿಗಳನ್ನು ಟ್ಯೂಬಿನ ತುಂಡುಗಳಲ್ಲಿ ಸಿಕ್ಕಿಸಿ ತ್ರಿಕೋನ ಮಾಡಿ. ಅಷ್ಟೇ ಉದ್ದದ ನಾಲ್ಕು ಕಡ್ಡಿಗಳಿಂದ ಚೌಕ ಮಾಡಿ. ಎರಡನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ. ಚೌಕ ಓರೆಯಾಗಿ ವಾಲುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಈಗ ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಇನ್ನೊಂದು ಕಡ್ಡಿಯನ್ನು ಕಟ್ಟಿ ಮತ್ತೆ ಒತ್ತಿ. ಟವರಿನಲ್ಲಿ ಓರೆ ಪಟ್ಟಿಗಳು ಏಕಿವೆ ಎಂದು ತಿಳಿಯಿತೇ? ಈ ಓರೆ ಕಡ್ಡಿಗೆ ಐದು ಸೆಂ.ಮೀ. ಸಾಲುವುದಿಲ್ಲ. ಎಷ್ಟು ಬೇಕಾಯಿತು ಎಂದು ಅಳೆದು, ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಚಿತ್ರದ ಪಕ್ಕ ಬರೆದಿಡಿ.