ಬೀಗಲ್ ಹಡಗಿನ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ ಅವರು 1809ನೇ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ರಾಬರ್ಟ್ ಡಾರ್ವಿನ್ ಹೆಸರಾದ ವೈದ್ಯರು. ತಾಯಿ ಸುಸಾನಾ. ಡಾರ್ವಿನ್‌ಗೆ ಎಂಟು ವರ್ಷ ಆಗಿದ್ದಾಗ ತಾಯಿ ತೀರಿಕೊಂಡರು, ಆಮೇಲೆ ಅಕ್ಕಂದಿರೇ ನೋಡಿಕೊಂಡರು. ಶಾಲೆಯಲ್ಲಿ ಅವರು ಜಾಣ ವಿದ್ಯಾರ್ಥಿ ಏನಲ್ಲ. ಬಾಯಿಪಾಠ ಮಾಡಿದ್ದು ಎರಡೇ ದಿನಕ್ಕೆ ಮರೆತು ಹೋಗ್ತಿತ್ತು. ಕಲ್ಲು, ಚಿಪ್ಪು, ಹುಳ ಹುಡುಕೋದು ಅಂದರೆ ಮಾತ್ರ ಪ್ರಾಣ.

ಮಗನೂ ಡಾಕ್ಟರ್ ಆಗಲಿ ಅಂತ ತಂದೆ 1825ರಲ್ಲಿ ಎಡಿನ್‌ಬರೋ ನಗರಕ್ಕೆ ಕಳಿಸಿದರು. ಆಗ ನೋವು ಗೊತ್ತಾಗದ ಹಾಗೆ ಮಾಡುವ ಔಷಧಿ ಇನ್ನೂ ಬಂದಿರಲಿಲ್ಲ. ಒಂದು ಮಗುವಿಗೆ ಹಾಗೇ ಆಪರೇಷನ್ ಮಾಡುವುದನ್ನು ನೋಡಲಾರದೆ ಡಾರ್ವಿನ್ ಹೊರಗೆ ಓಡಿದರು. ಆದರೆ ಆ ಊರಲ್ಲಿ ಜಾನ್ ಎಡ್ಮನ್‌ಸ್ಟನ್ ಎಂಬುವರಿಂದ ಸತ್ತ ಹಕ್ಕಿಯ ಚರ್ಮ ಬಿಡಿಸಿ ಒಳಗೆ ತುಂಬಿ ಕೆಡದ ಹಾಗೆ ಇಡೋದನ್ನು ಕಲಿತರು. ಎಡ್ಮನ್‌ಸ್ಟನ್ ದಕ್ಷಿಣ ಅಮೆರಿಕದಲ್ಲಿ ಗುಲಾಮರಾಗಿದ್ದು ಬಿಡುಗಡೆ ಆಗಿದ್ದವರು. ಡಾಕ್ಟರ್ ಓದು ಅರ್ಧಕ್ಕೆ ನಿಂತಿತು, ಈ ವಿದ್ಯೆ ಮಾತ್ರ ಹಡಗಿನಲ್ಲಿ ಕೆಲಸಕ್ಕೆ ಬಂತು.

ಮುಂದೆ ಪಾದ್ರಿ ಆಗಲು ಕೇಂಬ್ರಿಡ್ಜಿಗೆ ಹೋದರು. ಅಲ್ಲಿ ಜೀರುಂಡೆ ಹಿಡಿಯುವ ಹುಚ್ಚು ಹತ್ತಿತು. ಒಂದು ದಿನ ಎರಡು ಕೈಯಲ್ಲೂ ಒಂದೊಂದು ಅಪರೂಪದ ಜೀರುಂಡೆ ಇತ್ತು, ಅಷ್ಟರಲ್ಲಿ ಮೂರನೇದು ಕಂಡಿತು. ಬಲಗೈಯಲ್ಲಿದ್ದುದನ್ನು ಬಾಯಿಗೆ ಹಾಕ್ಕೊಂಡರು! ಅದು ನಾಲಿಗೆ ಸುಡುವಂಥ ನೀರು ಬಿಟ್ಟಿತು. ಉಗುಳಿದರು, ಮೂರನೇದೂ ತಪ್ಪಿಸಿಕೊಂಡಿತು.

1831ರಲ್ಲಿ ಗುರುಗಳಾದ ಹೆನ್ಸ್ಲೋ ಅವರಿಂದ ಕಾಗದ ಬಂತು. ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆದು ನಕ್ಷೆ ಮಾಡಲು ಬೀಗಲ್ ಎಂಬ ಹಡಗು ಹೊರಟಿದೆ, ಜೊತೆಗೆ ಗಿಡ, ಪ್ರಾಣಿ, ಕಲ್ಲು ನೋಡುವ ಒಬ್ಬರು ಬೇಕು ಅಂತ. ಸಂಬಳ ಇಲ್ಲ, ಖರ್ಚೂ ತಮ್ಮದೇ. ತಂದೆ ಬೇಡ ಅಂದರು. ಬುದ್ಧಿ ಇರುವ ಯಾರಾದರೂ ಒಬ್ಬರು ಹೋಗು ಅಂದರೆ ಮಾತ್ರ ಒಪ್ಪುತ್ತೇನೆ ಅಂದರು. ಸೋದರಮಾವ ಜೋಸಯ್ಯ ವೆಜ್‌ವುಡ್ ಬಂದು ತಂದೆಯನ್ನು ಒಪ್ಪಿಸಿದರು. ಕ್ಯಾಪ್ಟನ್ ಫಿಟ್ಜ್‌ರಾಯ್ ಅವರಿಗೆ ಬರೀ 26 ವರ್ಷ. ಡಾರ್ವಿನ್ ಅವರ ಮೂಗಿನ ಆಕಾರ ನೋಡಿ ಈ ಮನುಷ್ಯನಿಗೆ ಛಲ ಇರಲಿಕ್ಕಿಲ್ಲ ಅಂತ ಅವರಿಗೆ ಅನುಮಾನ ಬಂದಿತ್ತಂತೆ. ಮೂಗು ನೋಡಿ ಕಳಿಸಿಬಿಟ್ಟಿದ್ದರೆ ಏನು ಗತಿ!

1831 ಡಿಸೆಂಬರ್ 27ರಂದು ಹಡಗು ಹೊರಟಿತು. ಹಡಗು ಅಂದರೆ ದೊಡ್ಡದು ಅಂದುಕೊಳ್ಳಬೇಡಿ. ಉದ್ದ 90 ಅಡಿ, ಅಗಲ ಸುಮಾರು 24 ಅಡಿ. ಎರಡು ಕಬಡ್ಡಿ ಅಂಕಣವನ್ನು ಉದ್ದಕ್ಕೆ ಜೋಡಿಸಿದರೆ ಅಷ್ಟೇ ಬರೋದು. ಅದರಲ್ಲಿ 70ಕ್ಕೂ ಹೆಚ್ಚು ಜನ! ಡಾರ್ವಿನ್ ಇದ್ದದ್ದು ಹಿಂಭಾಗದ ಒಂದು ಕೋಣೆಯಲ್ಲಿ. 10 ಅಡಿಗೆ 11 ಅಡಿ. ನಡುವೆ ನಕ್ಷೆ ಬರೆಯುವ ದೊಡ್ಡ ಮೇಜು, ಹಾಯಿ ಕಟ್ಟುವ ಒಂದು ಕಂಬವೂ ಆ ಕೋಣೆಯಲ್ಲೇ ಹಾದು ಹೋಗಿತ್ತು. ರಾತ್ರಿ ಮೇಜಿನ ಮೇಲೆ ಜೋಲಿ ಕಟ್ಟಿ ಮಲಗಬೇಕು. ಡಾರ್ವಿನ್ ಆರಡಿ ಆಳು. ಕಾಲು ಚಾಚಲು ಜಾಗ ಸಾಲದೆ ಗೋಡೆಯ ಡ್ರಾಯರ್ ಒಂದನ್ನು ತೆಗೆದು ಅದರ ಸಂದಿಯಲ್ಲಿ ಜೋಲಿಯ ತುದಿ ಕಟ್ಟಿಕೊಳ್ತಿದ್ದರು.

ಬೆಳಗ್ಗೆ 8ಕ್ಕೆ ತಿಂಡಿ. ಅವರದು ಕ್ಯಾಪ್ಟನ್ ಜೊತೆ ಊಟ. ಒಬ್ಬರಿಗೊಬ್ಬರು ಕಾಯಬಾರದು, ತಿಂದು ಮುಗಿದ ಕೂಡಲೇ ಎದ್ದು ಕೆಲಸಕ್ಕೆ ಹೋಗಬೇಕು ಅನ್ನೋದು ನಿಯಮ. ಮಧ್ಯಾಹ್ನ 1ಕ್ಕೆ ಅನ್ನ, ಬಟಾಣಿ, ರೊಟ್ಟಿ, ಕುಡಿಯಲು ಬರೀ ನೀರು. ಸಂಜೆ 5ಕ್ಕೆ ಟೀ. ಸಮುದ್ರ ಶಾಂತವಾಗಿದ್ದರೆ ಡಾರ್ವಿನ್ ಬಟ್ಟೆಯ ಚೀಲ ಒಂದನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಡ್ತಿದ್ದರು. ಎಳೆದು ನೋಡಿದರೆ ಕಣ್ಣಿಗೆ ಕಾಣೋಕೂ ಕಷ್ಟವಾದ ಸಣ್ಣ ಸಣ್ಣ ಜೀವಿಗಳು. ಹಡಗಿನ ಅಟ್ಟವೆಲ್ಲ ಗಲೀಜಾಗ್ತದೆ ಅಂತ ಅಲ್ಲಿನ ಅಧಿಕಾರಿ ವಿಕಮ್ ಬೈತಿದ್ದರು. ಹಡಗಿನವರು ಇವರಿಗೆ ನೊಣ ಹಿಡಿಯುವವ ಅಂತ ಅಡ್ಡಹೆಸರು ಇಟ್ಟಿದ್ದರು.

ಅಲೆ ಎದ್ದರೆ ಮಾತ್ರ ಡಾರ್ವಿನ್ ಮೇಲೇಳುತ್ತಿರಲಿಲ್ಲ. ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವರು ನಮ್ಮ ತರಗತಿಯಲ್ಲೂ ಇದ್ದಾರೆ, ಅವರಿಗೆ ಇದು ಅರ್ಥವಾಗ್ತದೆ. ಆದರೆ ಘಟ್ಟ ಒಂದೆರಡು ಗಂಟೆಗೆ ಮುಗಿಯುತ್ತದೆ. ಇವರಿಗೆ ಐದು ವರ್ಷವೂ ಆ ಕಾಯಿಲೆ ಹೋಗಲಿಲ್ಲ. ಬಿಸ್ಕತ್ತು, ಒಣದ್ರಾಕ್ಷಿ ಬಿಟ್ಟು ಬೇರೆ ಏನೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅದೇ ಹಡಗಿನಲ್ಲಿ ಜೆಮ್ಮಿ ಬಟನ್ ಎಂಬ ಹುಡುಗನಿದ್ದ. ದಕ್ಷಿಣ ಅಮೆರಿಕದ ತುತ್ತತುದಿಯ ದ್ವೀಪದವನು. ಹಿಂದಿನ ಸಲ ಒಂದು ಚಿಪ್ಪಿನ ಗುಂಡಿ ಕೊಟ್ಟು ಅವನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗಿದ್ದರು, ಅದಕ್ಕೇ ಆ ಹೆಸರು. ಅವನು ಡಾರ್ವಿನ್ ಹತ್ತಿರ ಬಂದು ಅಯ್ಯೋ ಪಾಪ ಅಂತ ಹೇಳಿ, ಬರುವ ನಗು ಕಾಣದ ಹಾಗೆ ಮುಖ ತಿರುಗಿಸಿಕೊಳ್ತಿದ್ದನಂತೆ. 1833ರಲ್ಲಿ ಅವನನ್ನು ಅವನ ಊರಿಗೆ ಬಿಟ್ಟರು. ಮರುವರ್ಷ ನೋಡಿದಾಗ ಸೊರಗಿದ್ದ, ಆದರೂ ಮತ್ತೆ ಇಂಗ್ಲೆಂಡಿಗೆ ಬರಲು ಒಪ್ಪಲಿಲ್ಲ. ಗುಂಡಿ ಕೊಟ್ಟು ಮನುಷ್ಯನನ್ನು ಕರೆದುಕೊಂಡು ಹೋದದ್ದು ನನಗೆ ಸರಿ ಕಾಣಲಿಲ್ಲ.

ಬ್ರೆಜಿಲ್‌ನಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ವಿಷಯಕ್ಕೆ ಡಾರ್ವಿನ್‌ಗೂ ಕ್ಯಾಪ್ಟನ್‌ಗೂ ಜೋರು ಜಗಳ ಆಯಿತು. ಡಾರ್ವಿನ್ ಅದು ತಪ್ಪು ಅಂದರು. ಕ್ಯಾಪ್ಟನ್ ಸಿಟ್ಟಿನಲ್ಲಿ ಇನ್ನು ಜೊತೆಗೆ ಊಟ ಬೇಡ ಅಂದುಬಿಟ್ಟರು, ಕೆಲವೇ ಗಂಟೆಯಲ್ಲಿ ತಾವೇ ಕ್ಷಮೆ ಕೇಳಿ ಕಳಿಸಿದರು. ಅಷ್ಟು ಸಣ್ಣ ಹಡಗಿನಲ್ಲಿ ಮುನಿಸಿಕೊಂಡು ಹೋಗೋದಾದರೂ ಎಲ್ಲಿಗೆ?

ಹಡಗು ಕರಾವಳಿ ಅಳೆಯುತ್ತಿದ್ದಾಗ ಡಾರ್ವಿನ್ ಕುದುರೆ ಹತ್ತಿ ಒಳನಾಡಿಗೆ ಹೋಗ್ತಿದ್ದರು. 1832ರಲ್ಲಿ ಅರ್ಜೆಂಟೀನದ ಪುಂಟಾ ಆಲ್ಟಾ ಎಂಬಲ್ಲಿ ಭೂಮಿಯ ಮೇಲೆ ಈಗ ಇಲ್ಲದ ದೈತ್ಯ ಪ್ರಾಣಿಗಳ ಮೂಳೆ ಅಗೆದು ತೆಗೆದರು. 1835 ಫೆಬ್ರವರಿ 20ರಂದು ಚಿಲಿ ದೇಶದಲ್ಲಿ ಭೂಕಂಪ ಆದಾಗ ಅಲ್ಲೇ ಇದ್ದರು. ಸಮುದ್ರದ ಅಂಚಿನ ನೆಲವೇ ಕೆಲವು ಅಡಿ ಮೇಲೆ ಬಂದಿತ್ತು, ಬಂಡೆಗೆ ಅಂಟಿದ್ದ ಚಿಪ್ಪುಗಳು ನೀರಿಲ್ಲದೆ ಕೊಳೆಯುತ್ತಿದ್ದವು. ಬೆಟ್ಟಗಳು ಹೀಗೇ ಸ್ವಲ್ಪ ಸ್ವಲ್ಪವಾಗಿ ಎದ್ದಿರಬೇಕು ಅಂತ ಅವರಿಗೆ ಹೊಳೆಯಿತು. ಇನ್ನೊಂದು ತಮಾಷೆ ಕೇಳಿ. ರಿಯಾ ಅಂತ ಹಾರಲಾರದ ದೊಡ್ಡ ಹಕ್ಕಿ, ಅದರ ಸಣ್ಣ ಜಾತಿಯನ್ನು ಬಹಳ ದಿನದಿಂದ ಹುಡುಕ್ತಿದ್ದರು. ಒಂದು ದಿನ ಮಾಂಸದೂಟ ಮಾಡಿದ ಮೇಲೆ ನೆನಪಾಯಿತು, ತಿಂದದ್ದು ಅದನ್ನೇ! ಉಳಿದಿದ್ದ ತಲೆ, ಕಾಲು, ರೆಕ್ಕೆ ಎಲ್ಲ ಕೂಡಿಸಿಕೊಂಡು ಇಂಗ್ಲೆಂಡಿಗೆ ಕಳಿಸಿದರು.

1835 ಸೆಪ್ಟೆಂಬರ್‌ನಲ್ಲಿ ಗೆಲಾಪಗೋಸ್ ದ್ವೀಪಗಳಿಗೆ ಬಂದರು. ಅಲ್ಲಿ ಮನುಷ್ಯ ಮೇಲೆ ಕೂತು ಸವಾರಿ ಮಾಡುವಷ್ಟು ದೊಡ್ಡ ಆಮೆಗಳು. ಡಾರ್ವಿನ್ ಕೂತೂ ನೋಡಿದರು. ಚಿಪ್ಪು ನೋಡಿದರೆ ಆಮೆ ಯಾವ ದ್ವೀಪದ್ದು ಅಂತ ಹೇಳಬಲ್ಲೆ ಎಂದು ಅಲ್ಲಿನ ಅಧಿಕಾರಿ ಲಾಸನ್ ಹೇಳಿದರು. ಡಾರ್ವಿನ್ ಆಗ ಅದಕ್ಕೆ ಗಮನ ಕೊಡಲಿಲ್ಲ. ಹಡಗಿನವರು ಆಮೆಗಳನ್ನು ಊಟಕ್ಕೆ ತುಂಬಿಕೊಂಡು ಹೋಗಿ, ತಿಂದು ಚಿಪ್ಪನ್ನು ಸಮುದ್ರಕ್ಕೆ ಎಸೆದರು. ಹಿಡಿದ ಸಣ್ಣ ಹಕ್ಕಿಗಳಲ್ಲೂ ಎಷ್ಟೋ ಹಕ್ಕಿಗಳ ಚೀಟಿಯಲ್ಲಿ ಯಾವ ದ್ವೀಪ ಅಂತ ಡಾರ್ವಿನ್ ಬರೆಯಲಿಲ್ಲ.

ಬರುವ ದಾರಿಯಲ್ಲಿ 1836ರಲ್ಲಿ ಮಾರಿಷಸ್‌ನಲ್ಲಿ ಇಳಿದಾಗ ಆನೆ ಮೇಲೆ ಕೂತರು. ಅಲ್ಲಿ ನಮ್ಮ ಭಾರತದಿಂದ ಗಡೀಪಾರು ಮಾಡಿ ತಂದ ಕೈದಿಗಳು ರಸ್ತೆ ಕೆಲಸ ಮಾಡ್ತಿದ್ದರು. ಅವರ ಗಂಭೀರವಾದ ಮುಖ, ಬಿಳಿ ಗಡ್ಡ ಕಂಡು ಡಾರ್ವಿನ್ ಬೆರಗಾದರು. ಭಾರತಕ್ಕೆ ಅವರು ಬರಲೇ ಇಲ್ಲ. 1836 ಅಕ್ಟೋಬರ್ 2ರಂದು ಹಡಗು ಇಂಗ್ಲೆಂಡ್ ಸೇರಿತು.

ಮುಂದಿನ ಜನವರಿಯಲ್ಲಿ ಜಾನ್ ಗೋಲ್ಡ್ ಎಂಬ ಪಕ್ಷಿತಜ್ಞರು ಆ ಸಣ್ಣ ಹಕ್ಕಿಗಳನ್ನು ನೋಡಿ, ಕೊಕ್ಕು ಬೇರೆ ಬೇರೆ ಇದ್ದರೂ ಎಲ್ಲ ಒಂದೇ ಬಳಗದ ಫಿಂಚ್ ಹಕ್ಕಿಗಳು ಅಂದರು. ಒಂದರದು ಗಟ್ಟಿ ಬೀಜ ಒಡೆಯುವ ದಪ್ಪ ಕೊಕ್ಕು, ಇನ್ನೊಂದರದು ಹುಳ ಹೆಕ್ಕುವ ಚೂಪು ಕೊಕ್ಕು. ನಮ್ಮ ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ಬಾಗಿದ ಕೊಕ್ಕಿನ ಬಿಳಿ ಹಕ್ಕಿ ಕೆಸರು ಕೆದಕುವುದನ್ನು ಕಂಡವರಿಗೆ ಕೊಕ್ಕಿಗೂ ಊಟಕ್ಕೂ ಇರುವ ಸಂಬಂಧ ಗೊತ್ತು. ಈಗ ಡಾರ್ವಿನ್‌ಗೆ ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಬೇಕಾಯಿತು. ಅವರ ಚೀಟಿಯಲ್ಲಿ ಇಲ್ಲ! ಕ್ಯಾಪ್ಟನ್ ಮತ್ತು ಸಿಮ್ಸ್ ಕವಿಂಗ್‌ಟನ್ ಹಿಡಿದ ಹಕ್ಕಿಗಳಿಗೆ ದ್ವೀಪದ ಹೆಸರಿತ್ತು. ಕವಿಂಗ್‌ಟನ್ ಹಡಗಿಗೆ ಪಿಟೀಲು ಬಾರಿಸುವ ಹುಡುಗನಾಗಿ ಬಂದವರು, ಆಮೇಲೆ ಡಾರ್ವಿನ್ ಅವರ ಸಹಾಯಕರಾದರು. ಅವರ ಚೀಟಿ ನೋಡಿ ಲೆಕ್ಕ ಸರಿಮಾಡಬೇಕಾಯಿತು. ಒಂದೇ ಮೂಲದ ಹಕ್ಕಿ ಬೇರೆ ಬೇರೆ ದ್ವೀಪದಲ್ಲಿ ನಿಧಾನಕ್ಕೆ ಬೇರೆ ಬೇರೆ ಜಾತಿ ಆಗಿರಬೇಕು ಅನ್ನುವ ವಿಚಾರ ಹೀಗೆ ಬಲವಾಯಿತು.

ಡಾರ್ವಿನ್ 1839ರಲ್ಲಿ ಎಮ್ಮಾ ಅವರನ್ನು ಮದುವೆಯಾದರು. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕವರಿದ್ದಾಗಲೇ ತೀರಿಹೋದರು. 20 ವರ್ಷಕ್ಕೂ ಹೆಚ್ಚು ಯೋಚನೆ ಮಾಡಿ 1859ರಲ್ಲಿ ಜೀವಜಾತಿಗಳ ಉಗಮದ ಬಗ್ಗೆ ಪುಸ್ತಕ ಹೊರತಂದರು. ಕೊನೆಗೆ 1881ರಲ್ಲಿ ಎರೆಹುಳದ ಮೇಲೂ ಪುಸ್ತಕ ಬರೆದರು. 1882 ಏಪ್ರಿಲ್ 19ರಂದು ನಿಧನರಾದರು. ಮತ್ತೆ ಯಾವತ್ತೂ ಅವರು ಅಂಥ ಸಮುದ್ರಯಾನ ಮಾಡಲಿಲ್ಲ.

ಕವಿಂಗ್‌ಟನ್ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದರು. ಅವರ ಕಿವಿ ಮಂದವಾದಾಗ ಡಾರ್ವಿನ್ ಕಿವಿಗೆ ಇಟ್ಟುಕೊಳ್ಳುವ ಕಹಳೆಯಂಥ ಕೊಳವೆ ಕಳಿಸಿದರು. ಡಾರ್ವಿನ್ ಆಗ ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳನ್ನು ಪರೀಕ್ಷೆ ಮಾಡ್ತಿದ್ದರು. ಕವಿಂಗ್‌ಟನ್ ಆಸ್ಟ್ರೇಲಿಯದ ಕಡಲತೀರದಿಂದ ಅವನ್ನು ಆರಿಸಿ, ಪೆಟ್ಟಿಗೆಗೆ ತುಂಬಿ, ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿಕೊಟ್ಟರು.